ತಗಡಿನ ಮರೆಯ ತೇರು

ಐವತ್ತು ರೂಪಾಯಿಯ ಹೊಸ ನೋಟು 2017ರಲ್ಲಿ ಚಲಾವಣೆಗೆ ಬಂದಾಗ ಅದರ ಬೆನ್ನಿನ ಮೇಲೆ ಹಂಪಿಯ ಕಲ್ಲಿನ ರಥವನ್ನು ಕಂಡು ಕನ್ನಡಿಗರೆಲ್ಲ ಹಿಗ್ಗಿದೆವು. ಆ ರಥದ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ. ನೋಡಬಂದವರೆಲ್ಲ ತಿರುಗಿಸಿ ನೋಡುವ ಉತ್ಸಾಹ ತೋರಿದ್ದರಿಂದ ಅವನ್ನು ಬಿಗಿದು ನಿಲ್ಲಿಸಲಾಯಿತು. ಹಾಗೆ ನೋಡಿದರೆ ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಅದನ್ನು ಕಡೆದ ಕಲ್ಲುಕುಟಿಗನ ಕಣ್ಣಮುಂದೆ ಇದ್ದದ್ದು ಬೀದಿಯಲ್ಲಿ ಉರುಳುವ ಮರದ ತೇರು. ಅನುಕರಣೆಗೆ ನೋಟಿನಲ್ಲಿ ಸ್ಥಾನ ಸಿಕ್ಕಿತು, ಮೂಲವಸ್ತು ಮಾತ್ರ ನಮ್ಮೂರುಗಳಲ್ಲಿ ತಗಡಿನ ಮರೆಯಲ್ಲಿ ನಿಂತಿದೆ.

ಗದಗ ಸೀಮೆಗೆ ಶಿಲ್ಪ ನೋಡಲು ಬರುವವರು ಕಲ್ಲನ್ನಷ್ಟೇ ನೋಡಿ ಹೋಗುತ್ತಾರೆ. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಬಸದಿ, ಲಕ್ಷ್ಮೇಶ್ವರದ ಸೋಮೇಶ್ವರ ಇಷ್ಟಾದರೆ ಪ್ರವಾಸ ಮುಗಿಯಿತು. ಕಲ್ಯಾಣ ಚಾಲುಕ್ಯರ ಕಾಲದ ಆ ಕೆಲಸಕ್ಕೆ ಸಲ್ಲುವ ಗೌರವ ಸಲ್ಲಲಿ. ಆದರೆ ಅದೇ ಊರುಗಳಲ್ಲಿ, ಶಿರಹಟ್ಟಿ, ಮುಂಡರಗಿಗಳ ಮಠದ ಬೀದಿಗಳಲ್ಲಿ, ವರ್ಷಕ್ಕೊಮ್ಮೆ ಚಲಿಸುವ ಶಿಲ್ಪವೊಂದಿದೆ ಎಂದು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಅದು ಜಾತ್ರೆಯ ಸಾಮಾನು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

ಕಳೆದ ಮಳೆಗಾಲದಲ್ಲಿ ಕಪ್ಪತಗುಡ್ಡದ ಮಗ್ಗುಲಿನ ಒಂದು ಊರಿಗೆ ತೇರು ನೋಡಲೆಂದೇ ಹೋದೆ. ಊರಿನ ಹೆಸರು ಬೇಡ. ಇದು ಒಂದೂರಿನ ಕಥೆಯೇನಲ್ಲ. ಜಾತ್ರೆಯಿಲ್ಲದ ದಿನ ತೇರು ನೋಡುವವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ತಗಡು ಸರಿಸಿ ಒಳಹೊಕ್ಕರೆ ಮೊದಲು ಕಂಡದ್ದು ಬಣ್ಣ: ಮೈತುಂಬ ಬೆಳ್ಳಿಬಣ್ಣದ ಎಣ್ಣೆ ಪೇಂಟು, ಅಂಚಿಗೆ ಕೆಂಪು. ಕಣ್ಣು ಹೊಂದಿಕೊಂಡ ಮೇಲೆ ಅದರಡಿಯಿಂದ ಒಬ್ಬೊಬ್ಬರಾಗಿ ಎದ್ದುಬಂದರು. ಸೊಂಡಿಲೆತ್ತಿದ ಆನೆ, ಮದ್ದಳೆಯವ, ತೊಡೆ ತಟ್ಟುವ ಮಲ್ಲರು, ಮೊಸರು ಕಡೆಯುವ ಹೆಂಗಸು. ಮೂಲೆಯ ಹಲಗೆಯಲ್ಲಿ ಟೋಪಿ ಹಾಕಿ ಬಂದೂಕು ಹಿಡಿದ ಸಿಪಾಯಿ. ಕಂಪನಿ ಸರ್ಕಾರದ ಸೈನಿಕನನ್ನು ಕಂಡಿದ್ದ ಬಡಿಗನೊಬ್ಬ, ದೇವರ ತೇರಿನಲ್ಲಿ ಅವನಿಗೂ ಇರಲಿ ಎಂದು ಒಂದು ಗೇಣು ಜಾಗ ಕೊಟ್ಟಿದ್ದಾನೆ! ಬಡಿಗನ ಹೆಸರು ಎಲ್ಲಿಯೂ ಇಲ್ಲ. ಪೇಂಟು ಹೊಡೆಸಿದವರ ಹೆಸರು ಮಾತ್ರ ಮೊಳದುದ್ದದ ಅಕ್ಷರಗಳಲ್ಲಿದೆ.

ಈ ಕೆತ್ತನೆಗಳನ್ನು ನಿಂತಲ್ಲೇ ನೋಡುವುದು ಅರ್ಧ ನೋಡಿದಂತೆ. ತೇರಿಗೆ ದಿಕ್ಕು ಬದಲಿಸುವ ಯಂತ್ರವಿಲ್ಲ, ತಡೆಯಿಲ್ಲ. ಅಚ್ಚು ಸ್ಥಿರ, ಗಾಲಿ ಮುಂದೆ ಉರುಳಬಲ್ಲದೇ ಹೊರತು ಹೊರಳಲಾರದು. ಅದನ್ನು ತಿರುಗಿಸುವುದು, ನಿಲ್ಲಿಸುವುದು ಎಲ್ಲ ಸನ್ನೆ ಹಾಕುವವರ ಕೈಚಳಕ. ಉರುಳುವ ಗಾಲಿಯ ಬುಡಕ್ಕೆ ಮರದ ತುಂಡು ಕೊಟ್ಟು, ಕ್ಷಣದಲ್ಲಿ ಕೈ ಹಿಂದೆಗೆಯಬೇಕು. ಮುಂದೆ ಹಗ್ಗ ಹಿಡಿದವರಿಗೆ ಗಾಲಿ ಕಾಣದು, ಸನ್ನೆಯವರಿಗೆ ಜನ ಕಾಣರು. ಮಠದಿಂದ ಪಾದಗಟ್ಟಿಯವರೆಗೆ ಹೋಗಿ ಮರಳುವ ಆ ಅಲ್ಪ ದೂರದಲ್ಲಿ ಬುಡದ ಭಾರ ನೆಲಕ್ಕಂಟಿ ಸಾಗಿದರೆ, ಬಟ್ಟೆ, ಬಾವುಟಗಳ ಮೇಲ್ಭಾಗ ಬೇರೆಯದೇ ಲಯದಲ್ಲಿ ತೂಗುತ್ತದೆ. ಉತ್ತತ್ತಿ, ಬಾಳೆಹಣ್ಣು ಕಳಸದತ್ತ ತೂರಿ ಬರುತ್ತವೆ. ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಗಾಳಿಗೆ ತಿರುಗುವ ಶಿಲ್ಪಗಳಿಂದ ಜಗತ್ಪ್ರಸಿದ್ಧನಾದ. 1955ರಲ್ಲಿ ಅಹಮದಾಬಾದಿಗೂ ಬಂದು ಕೆಲವನ್ನು ಮಾಡಿಹೋದ. ಅವನ ಶಿಲ್ಪಕ್ಕೆ ಗಾಳಿ ಸಾಕು. ನಮ್ಮದಕ್ಕೆ ಊರೇ ಬೇಕು. ಶಿರಹಟ್ಟಿಯ ಫಕ್ಕೀರೇಶ್ವರನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಭಕ್ತರಾಗಿ ಸೇರುವುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ತೇರುಗಳನ್ನು ಹಾಗೆಯೇ ಎಳೆಯುತ್ತಿರಬೇಕು ಎಂದು ನಾನು ವಾದಿಸಲಾರೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರ ರಥ ಅಚ್ಚು ಮುರಿದು ಜನರ ನಡುವೆಯೇ ಉರುಳಿಬಿತ್ತು. ಅಂಥದು ನಡೆದ ಮೇಲೆ ಕಬ್ಬಿಣದ ಅಚ್ಚು ಬೇಡವೆನ್ನುವುದು ಹುಂಬತನ. ನನ್ನ ತಕರಾರು ಆಮೇಲಿನದು. ಹೊಸ ತೇರು ಬಂದ ಮೇಲೆ ಹಳೆಯದರ ಹಲಗೆಗಳು ಎಲ್ಲಿಗೆ ಹೋಗುತ್ತವೆ? ನೂರು ವರ್ಷ ದಾಟಿದ ಮರದ ಕೆತ್ತನೆ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಇಂಥ ಹಲಗೆ ಇತ್ತು ಎಂಬ ದಾಖಲೆಯೇ ಇಲ್ಲದಿದ್ದರೆ, ಅದು ಕಾಣೆಯಾಯಿತೆಂದು ದೂರು ಕೊಡುವವರಾದರೂ ಯಾರು? ಹಲವು ಹಲಗೆಗಳಿಗೆ ಆ ಭಾಗ್ಯವೂ ಇಲ್ಲ, ಒಲೆ ಸೇರುತ್ತವೆ.

ಪುರಿಯಲ್ಲಿ ಮೂರು ರಥಗಳನ್ನೂ ವರ್ಷವರ್ಷ ಹೊಸದಾಗಿ ಕಟ್ಟುತ್ತಾರೆ. ಮರ ಉಳಿಯದಿದ್ದರೂ ಬಡಿಗರ ಕೈಯಲ್ಲಿ ವಿದ್ಯೆ ಉಳಿಯುತ್ತದೆ. ನಮ್ಮಲ್ಲಿ ಒಂದು ತೇರು ಮೂರು ನಾಲ್ಕು ತಲೆಮಾರು ಬಾಳುವುದರಿಂದ ಬಡಿಗನ ಮನೆಗೆ ಆ ಕೆಲಸ ಮತ್ತೆ ಬರುವ ಹೊತ್ತಿಗೆ ಬಲ್ಲವರು ಇರುವುದಿಲ್ಲ. ಕರಾವಳಿಯಲ್ಲಿ ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ ರಥಶಿಲ್ಪ ಇಂದಿಗೂ ಜೀವಂತ ಕಸುಬು. ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥ 2019ರಲ್ಲಿ ಸಿದ್ಧವಾದದ್ದು ಅಲ್ಲಿಯೇ. ಬಯಲುಸೀಮೆಯ ತೇರುಗಳಿಗೆ ಅವುಗಳದೇ ಆದ ಮೈಕಟ್ಟು ಇದೆ. ಅದು ಉಳಿಯಬೇಕಾದರೆ ಈಗಿರುವವುಗಳ ಅಳತೆಯಾದರೂ ಕಾಗದದ ಮೇಲಿರಬೇಕು. ಇದಕ್ಕೆ ಪ್ರಾಧಿಕಾರ, ಯೋಜನೆ, ಕೋಟಿಗಟ್ಟಲೆ ಅನುದಾನ ಯಾವುದೂ ಬೇಕಾಗಿಲ್ಲ. ಒಂದು ಬೇಸಿಗೆ ರಜೆಯಲ್ಲಿ ನಾಲ್ಕು ಜನ ಕಲಾ ವಿದ್ಯಾರ್ಥಿಗಳು, ಒಂದು ಕ್ಯಾಮೆರಾ, ಒಂದು ಅಳತೆ ಟೇಪು ಇದ್ದರೆ ತಾಲ್ಲೂಕಿನ ಎಲ್ಲ ತೇರುಗಳ ಲೆಕ್ಕ ಮುಗಿದೀತು.

ಆ ಊರಿನಲ್ಲಿ ಹಿರಿಯರೊಬ್ಬರ ಬಳಿ ಪೇಂಟಿನ ಮಾತೆತ್ತಿದೆ. “ತೇರು ಹೊಳೀಬೇಕಲ್ರೀ, ಇಲ್ಲಾಂದ್ರ ಜಾತ್ರಿ ಅನಸೂದಿಲ್ಲ” ಎಂದರು. ಅವರ ಮಾತಿನಲ್ಲಿ ಭಕ್ತಿಯಿತ್ತು, ನಾನು ಎದುರಾಡಲಿಲ್ಲ. ಸಿಪಾಯಿಯ ಟೋಪಿಯ ಮೇಲೆ ಬಣ್ಣ ಚಕ್ಕೆ ಎದ್ದು, ಉಗುರಗಲದಷ್ಟು ಮರ ಕಾಣುತ್ತಿತ್ತು. ಬರುವ ಜಾತ್ರೆಗೆ ಹೊಸ ಬಣ್ಣ ಹೊಡೆಸಲು ಊರವರು ಆಗಲೇ ಪಟ್ಟಿ ಎತ್ತುತ್ತಿದ್ದರು.