ಹೊಳೆಯನ್ನು ನುಂಗುವ ಬೆಟ್ಟ

ಸುಣ್ಣಕಲ್ಲೆಂದರೆ ನಮಗೆ ನೆನಪಾಗುವುದು ಹಬ್ಬಕ್ಕೆ ಸುಣ್ಣ ಬಳಿದ ಗೋಡೆ, ಇಲ್ಲವೆ ತಾಂಬೂಲದ ತಟ್ಟೆ. ಅದೇ ಕಲ್ಲು ಬೆಟ್ಟವಾಗಿ ನಿಂತರೆ ಎಂತಹ ಆಟಗಳನ್ನು ಹೂಡಬಲ್ಲುದೆಂಬುದನ್ನು ಕಾಣಬೇಕಾದರೆ, ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಇಂಗಲ್‌ಬರೋ ಬೆಟ್ಟವನ್ನು ಏರಬೇಕು. ಎತ್ತರ 723 ಮೀಟರ್ ಮಾತ್ರ. ಹಿಮಾಲಯವನ್ನು ಕಂಡವರು ನಕ್ಕಾರು. ಆದರೂ ಇಡಿಯ ಒಂದು ದಿನವನ್ನು ಅದು ಕೇಳುತ್ತದೆ.

ಕ್ಲ್ಯಾಪಮ್ ಎಂಬ ಹಳ್ಳಿಯಿಂದ ಬೆಳಗ್ಗೆ ಹೊರಟ ಹಾದಿ, ಮರಗಳ ನೆರಳನ್ನು ದಾಟಿ ಟ್ರೋ ಗಿಲ್ ಎಂಬ ಕಂದರವನ್ನು ಹೊಗುತ್ತದೆ. ಇಕ್ಕೆಲದ ಬಂಡೆಗೋಡೆಗಳು ಬರಬರುತ್ತ ಒಂದನ್ನೊಂದು ಸಮೀಪಿಸಿ, ಕೊನೆಗೆ ಕಿರಿದಾದ ಎಡೆಯೊಂದೇ ಉಳಿಯುತ್ತದೆ. ಉರುಳಿಬಿದ್ದ ಕಲ್ಲುಗಳನ್ನೇರುವಾಗ ಕಾಲಿನಷ್ಟೇ ಕೈಗೂ ಕೆಲಸ. ನೆನೆದ ಸುಣ್ಣಕಲ್ಲು ಸಾಬೂನಿನಂತೆ ಜಾರುವುದರಿಂದ ಅವಸರ ಸಲ್ಲದು.

ಮೇಲೆ ಹುಲ್ಲುಬಯಲು. ಫೆಲ್ ಬೆಕ್ ಎಂಬ ತೊರೆ ಅಲ್ಲಿ ಹರಿದುಬಂದು, ನೆಲದಲ್ಲಿ ಬಾಯ್ದೆರೆದ ಗ್ಯಾಪಿಂಗ್ ಗಿಲ್ ಎಂಬ ಕೂಪದೊಳಕ್ಕೆ ಸುಮಾರು ನೂರು ಮೀಟರ್ ಧುಮುಕಿ ಕಣ್ಮರೆಯಾಗುತ್ತದೆ! ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಪಡೆದು ಕಲ್ಲನ್ನು ಕರಗಿಸುವುದೇ ಇದರ ಗುಟ್ಟು. 1895ರಲ್ಲಿ ಫ್ರಾನ್ಸಿನ ಮಾರ್ತೆಲ್ ಎಂಬ ಸಾಹಸಿ ಹಗ್ಗದೇಣಿಯಲ್ಲಿಳಿದು ಮೊದಲ ಬಾರಿಗೆ ಅದರ ತಳ ಮುಟ್ಟಿದನು. ಆ ನೀರು ತಗ್ಗಿನಲ್ಲಿ ಇಂಗಲ್‌ಬರೋ ಗುಹೆಯ ಬಳಿ ಹೊರಬರುತ್ತದೆ. ಕೂಪಕ್ಕೂ ಗುಹೆಗೂ ನಡುವಣ ಮಾರ್ಗವನ್ನು ಮುಳುಗುಗಾರರು ಕೂಡಿಸಿದ್ದು 1983ರಲ್ಲಿ.

ಮುಂದೆ ಲಿಟ್ಲ್ ಇಂಗಲ್‌ಬರೋವನ್ನು ಏರಿ, ಬೆಟ್ಟದ ಏಣನ್ನೇ ಹಿಡಿದು ನಡೆದರೆ ಶಿಖರ. ಮರಳುಕಲ್ಲಿನ ಮುಚ್ಚಳವಿರುವುದರಿಂದ ಅದು ಚಪ್ಪಟೆಯಾದ ಬಯಲು. ಮಂಜು ಕವಿದರೆ ಇಳಿಯುವ ದಿಕ್ಕೇ ತಿಳಿಯದು. ದಿಕ್ಸೂಚಿಯಿಲ್ಲದೆ ಹೋಗತಕ್ಕ ಸ್ಥಳವಲ್ಲ.

ಹಾರ್ಟನ್ ಹಳ್ಳಿಯ ಕಡೆಗಿನ ಇಳಿಜಾರಿನಲ್ಲಿ ಹರಡಿರುವ ಕಲ್ಲುಹಾಸು, ನನ್ನ ಮಟ್ಟಿಗೆ, ಶಿಖರಕ್ಕಿಂತ ಮಿಗಿಲು. ಹಿಮಯುಗದ ಹಿಮನದಿ ಮಣ್ಣನ್ನು ಕೆರೆದು ಬರಿದಾಗಿಸಿದ ಬಂಡೆಯಿದು. ಮಳೆ ಕೊರೆದ ಆಳವಾದ ಬಿರುಕುಗಳಲ್ಲಿ, ಕುರಿಯ ಬಾಯಿಗೆ ಸಿಕ್ಕದೆ, ಜಿಂಕೆಯ ನಾಲಿಗೆಯೆಂದು ಹೆಸರಾದ ಜರೀಗಿಡ ಹಸಿರಾಗಿರುತ್ತದೆ.

ಬ್ರಿಟನ್ನಿನ ಎಲ್ಲ ಕಲ್ಲುಹಾಸುಗಳಿಗೂ ಈ ಭಾಗ್ಯವಿಲ್ಲ. ಮನೆಯ ತೋಟದಲ್ಲಿ ಕಲ್ಲು ಪೇರಿಸಿ ಗಿಡ ನೆಡುವ ಶಿಲೋದ್ಯಾನದ ಅಭಿರುಚಿ ಇಪ್ಪತ್ತನೆಯ ಶತಮಾನದಲ್ಲಿ ಹಬ್ಬಿತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖನಾದ ರೆಜಿನಾಲ್ಡ್ ಫ್ಯಾರರ್ ಇದೇ ಕ್ಲ್ಯಾಪಮ್ಮಿನ ಮನೆತನದವನೆಂಬುದು ವಿಚಿತ್ರವೇ ಸರಿ. ಮಳೆ ಸವೆಸಿದ ಕಲ್ಲಿಗೆ ಬೆಲೆ ಬಂದಿತು. ಹಾಸುಗಳನ್ನು ಕಿತ್ತು ಮಾರಿದರು. 1981ರ ಕಾಯಿದೆ ಅದನ್ನು ತಡೆಯುವ ಅಧಿಕಾರ ನೀಡಿತು. ಅಷ್ಟರಲ್ಲಿ ಕಿತ್ತ ಕಡೆಗಳಲ್ಲಿ ಬಿರುಕೂ ಇಲ್ಲ, ಜರೀಗಿಡವೂ ಇಲ್ಲ. ಮಳೆ ಮಾತ್ರ ಬೋಳುಬಂಡೆಯ ಮೇಲೆ ಸುರಿಯುತ್ತಿದೆ.