ಅಳಿವೆಯ ಹಸಿರು ನೀರು

ವಾಶಿಗೆ ಲೋಕಲ್ ಗಾಡಿಯಲ್ಲಿ ಹೋಗುವಾಗ ಸೇತುವೆಯ ಕೆಳಗಿನ ನೀರನ್ನು ನೋಡದವರಾರು? ಅದೇ ಠಾಣೆಯ ಖಾಡಿ. ಉದ್ದ ಸುಮಾರು 26 ಕಿಲೋಮೀಟರು. ನಮ್ಮ ಕರಾವಳಿಯವರ ಮಾತಿನಲ್ಲಿ ಇದೊಂದು ಅಳಿವೆ: ಸಿಹಿನೀರೂ ಉಪ್ಪುನೀರೂ ಕೂಡುವ ತಾಣ.

ಈ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರಿಗಣ್ಣಿಗೆ ಕಾಣದ ಸಸ್ಯಗಳು ಗೋಚರಿಸುವವು. ಬೇರಿಲ್ಲ, ಎಲೆಯಿಲ್ಲ, ನೀರು ಒಯ್ದತ್ತ ತೇಲುವವು. ಶಾಸ್ತ್ರಜ್ಞರು ಇವನ್ನು ಸಸ್ಯಪ್ಲವಕಗಳೆಂದು ಕರೆಯುತ್ತಾರೆ. ಗಾಜಿನಂತಹ ಕವಚವುಳ್ಳ ಡಯಾಟಮುಗಳು ಇವುಗಳಲ್ಲಿ ಪ್ರಧಾನವಾದವು. ಇವನ್ನು ತಿಂದು ಕಿರುಜೀವಿಗಳೂ, ಅವನ್ನು ತಿಂದು ಮೀನುಗಳೂ ಬದುಕುತ್ತವೆ. ಭೂಮಿಯಲ್ಲಿ ಉತ್ಪನ್ನವಾಗುವ ಪ್ರಾಣವಾಯುವಿನ ಸುಮಾರು ಅರ್ಧಭಾಗ ಕಡಲಿನ ಇಂತಹ ಜೀವಿಗಳ ದಾನ.

ಹಾಗಾದರೆ ಇವು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ? ಅಲ್ಲ. ನಗರದ ಚರಂಡಿ ನೀರಿನಲ್ಲಿ ಸಾರಜನಕ, ರಂಜಕಗಳು ವಿಶೇಷವಾಗಿವೆ. ಅವು ಸಸ್ಯಗಳಿಗೆ ಗೊಬ್ಬರ. ಗೊಬ್ಬರ ಮಿತಿಮೀರಿದಾಗ ಹೊಲಸನ್ನು ಸಹಿಸಬಲ್ಲ ನಾಲ್ಕಾರು ಜಾತಿಗಳು ಮಾತ್ರ ಕೊಬ್ಬಿ ಬೆಳೆದು ಉಳಿದವು ಕ್ಷೀಣಿಸುತ್ತವೆ. ಸಂಖ್ಯೆ ಹೆಚ್ಚುತ್ತದೆ, ವೈವಿಧ್ಯ ಅಳಿಯುತ್ತದೆ. ಬೆಳೆದವು ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯು ಕರಗುತ್ತದೆ. ರಾತ್ರಿ ಸಸ್ಯಗಳೂ ಅದನ್ನೇ ಉಸಿರಾಡುವದರಿಂದ, ನಾವು ಒಲೆ ಹಚ್ಚುವ ನಸುಕಿನ ವೇಳೆಗೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಖಾಡಿ ಕಿರಿದಾಗುವ ಠಾಣೆಯ ಕಡೆ ಭರತ-ಇಳಿತಗಳು ನೀರನ್ನು ಬದಲಿಸುವದೂ ನಿಧಾನ. ಅಲ್ಲಿ ಬಾಧೆ ಅಧಿಕ. ಇದರ ನಷ್ಟ ಮೊದಲು ತಟ್ಟುವದು ಕೋಲಿ ಬೆಸ್ತರ ಬಲೆಗೆ.

ಚಳಿಗಾಲದಲ್ಲಿ ಇಲ್ಲಿ ರಾಜಹಂಸಗಳ ಹಿಂಡು ಇಳಿಯುತ್ತದೆ. 2015ರಲ್ಲಿ ಇದು ಅವುಗಳ ಅಭಯಾರಣ್ಯವಾಯಿತು; 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಆದರೆ ಕಿರಿಯ ರಾಜಹಂಸದ ಮುಖ್ಯ ಆಹಾರ ಸೂಕ್ಷ್ಮ ಪಾಚಿಯೇ. ಆದುದರಿಂದ ಹಕ್ಕಿ ಬಂದುದನ್ನು ನೀರಿನ ನಿರ್ಮಲತೆಗೆ ಪ್ರಮಾಣಪತ್ರವೆಂದು ತಿಳಿಯಲಾಗದು.

ಹೋಟೆಲು ನಡೆಸುತ್ತಿದ್ದಾಗ ಕರಿದ ಎಣ್ಣೆಯನ್ನೂ ಹುಳಿಬಂದ ಹಿಟ್ಟನ್ನೂ ಮೋರಿಗೆ ಹೊಯ್ಯಿಸಿದವರಲ್ಲಿ ನಾನೂ ಒಬ್ಬ. ಮೋರಿಯಾಚೆಗೆ ಅದೇನಾಯಿತೆಂದು ವಿಚಾರಿಸಲಿಲ್ಲ. ಖಾಡಿಯ ಹೊಲಸೆಲ್ಲ ನಮ್ಮದಲ್ಲ. ಕಾರ್ಖಾನೆಗಳ ಪಾಲೂ, ಶುದ್ಧೀಕರಿಸದ ಚರಂಡಿಗಳ ಪಾಲೂ ದೊಡ್ಡದು. ಆದರೂ ಎಣ್ಣೆಯನ್ನು ಡಬ್ಬದಲ್ಲಿ ಶೇಖರಿಸಿ ಕೊಳ್ಳುವವರಿಗೆ ಕೊಡುವದು, ಮುಸುರೆಯನ್ನು ಜಾಲರಿಯಲ್ಲಿ ತಡೆಯುವದು ನಮ್ಮ ಕೈಯಲ್ಲಿದೆ. ಅನ್ನವಿತ್ತ ಊರಿನ ನೀರಿಗೆ ಅಷ್ಟಾದರೂ ಋಣ ಸಲ್ಲಬೇಡವೇ?