ಸಾಗುಪಟ್ಟಿಯ ಮೇಲಣ ಎಣಿಕೆ: ಕಾರ್ಖಾನೆಯಲ್ಲಿ ಕ್ಯಾಮರಾ ಸ್ಥಾಪನೆಯ ಕ್ರಮ

ಸಕ್ಕರೆ ಕಾರ್ಖಾನೆಯಲ್ಲಿ ತುಂಬಿ ಹೊಲಿದ ಚೀಲಗಳು ಸಾಗುಪಟ್ಟಿಯ ಮೇಲೆ ಉಗ್ರಾಣದ ಕಡೆಗೆ ಹೋಗುತ್ತಿರುತ್ತವೆ. ಒಂದು ಪಾಳಿಯಲ್ಲಿ ಎಷ್ಟು ಚೀಲಗಳು ಹೋದುವು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅತಿ ಸುಲಭವಾದುದು. ಆದರೆ ಉಗ್ರಾಣದ ಲೆಕ್ಕ, ಚೀಲವೊಂದಕ್ಕೆ ಇಷ್ಟೆಂದು ಹಮಾಲರಿಗೆ ಸಲ್ಲುವ ಕೂಲಿ, ಕೊರತೆ ಕಂಡಾಗ ಯಾರಾದರೊಬ್ಬರ ಮೇಲೆ ಬೀಳುವ ಹೊಣೆ, ಇವೆಲ್ಲವೂ ಈ ಒಂದು ಸಂಖ್ಯೆಯನ್ನು ಅವಲಂಬಿಸಿರಬಹುದು. ಆದುದರಿಂದ ಆ ಸಂಖ್ಯೆಯನ್ನು ಕ್ಯಾಮರಾದ ಮೂಲಕ ಪಡೆಯಬೇಕಾದಲ್ಲಿ ಅನುಸರಿಸತಕ್ಕ ಕ್ರಮವೇನು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಎರಡು ವಿಷಯಗಳನ್ನು ಇಲ್ಲಿ ವಿವೇಚಿಸಲಾಗುವುದು.

ಪಟ್ಟಿಗೆ ಅಡ್ಡಲಾಗಿ ಬೆಳಕಿನ ಕಿರಣವೊಂದನ್ನು ಹಾಯಿಸಿ, ಅದು ಕಡಿದಾಗಲೆಲ್ಲ ಒಂದೆಂದು ಎಣಿಸುವ ಉಪಕರಣವು ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಬೆಲೆ ಕಡಿಮೆ. ಬಿಡಿಬಿಡಿಯಾಗಿ ಬರುವ ವಸ್ತುಗಳಿಗೆ ಅದು ಸಾಕು. ಆದರೆ ಎರಡು ಚೀಲಗಳು ಒಂದಕ್ಕೊಂದು ತಾಗಿ ಬಂದರೆ ಕಿರಣಕ್ಕೆ ಅವೆರಡೂ ಒಂದೇ. ನಡುವೆ ಯಾರಾದರೂ ಕೈ ಚಾಚಿದರೆ ಆ ಕೈಯೂ ಒಂದು ಚೀಲವೇ. ಇಂತಹ ಸಂದರ್ಭಗಳಲ್ಲಿ ವಸ್ತುವಿನ ಆಕಾರವನ್ನೇ ಗುರುತಿಸಬಲ್ಲ ಕ್ಯಾಮರಾದ ಪ್ರಯೋಜನವು ಸ್ಪಷ್ಟವಾಗುತ್ತದೆ.

ಕ್ಯಾಮರಾವನ್ನು ಪಟ್ಟಿಯ ಮೇಲ್ಗಡೆ ನೇರವಾಗಿ ಕೆಳಮುಖವಾಗಿ ನಿಲ್ಲಿಸುವುದು ಉತ್ತಮ. ಓರೆಯಾಗಿ ನೋಡಿದರೆ ಮುಂದಿನ ಚೀಲವು ಹಿಂದಿನದನ್ನು ಮರೆಮಾಡುತ್ತದೆ. ಪಟ್ಟಿಯ ಚೌಕಟ್ಟಿಗೇ ಅದನ್ನು ಬಿಗಿದರೆ ಯಂತ್ರದ ಅದುರು ಚಿತ್ರವನ್ನು ಕದಡುವುದರಿಂದ ಪ್ರತ್ಯೇಕವಾದ ಕಂಬವೊಂದು ಅವಶ್ಯಕ. ಇನ್ನು ಎತ್ತರದ ನಿರ್ಣಯ. ಸಂವೇದಕದ ಅಗಲ 8 ಮಿಲಿಮೀಟರ್, ಅದರಲ್ಲಿ ಉದ್ದಕ್ಕೆ 1600, ಅಡ್ಡಕ್ಕೆ 1200 ಪಿಕ್ಸೆಲ್‌ಗಳು ಇವೆಯೆಂದು ಭಾವಿಸೋಣ. ಪಟ್ಟಿಯ ಉದ್ದಕ್ಕೆ 1.6 ಮೀಟರ್ ಕಾಣಬೇಕಾದರೆ ಒಂದು ಪಿಕ್ಸೆಲ್ಲಿಗೆ ಒಂದು ಮಿಲಿಮೀಟರ್ ಬರುತ್ತದೆ. ಚೀಲದ ಅಂಚನ್ನು ಗುರುತಿಸಲು ಇಷ್ಟು ಸಾಕು. ಮಸೂರದ ಸಂಗಮದೂರವು 12 ಮಿಲಿಮೀಟರ್ ಆಗಿದ್ದರೆ ಕ್ಯಾಮರಾ ಪಟ್ಟಿಯಿಂದ ಸುಮಾರು 2.4 ಮೀಟರ್ ಎತ್ತರದಲ್ಲಿರಬೇಕು. ಚೀಲದ ಮೇಲ್ಮೈಯು ಪಟ್ಟಿಗಿಂತ 20 ಸೆಂಟಿಮೀಟರ್ ಮೇಲಿದ್ದರೆ ಆ ಮಟ್ಟದಲ್ಲಿ ಕಾಣುವ ಉದ್ದವು 1.6 ಮೀಟರಿಗೆ ಬದಲು ಸುಮಾರು 1.47 ಮೀಟರ್ ಮಾತ್ರ. ಈ ಅಂತರವನ್ನು ಮರೆತು ಚೌಕಟ್ಟನ್ನು ಬಿಗಿಯಾಗಿ ಹೊಂದಿಸಿದರೆ ಚೀಲದ ತುದಿಗಳು ಚಿತ್ರದಿಂದ ಹೊರಗುಳಿಯುತ್ತವೆ.

ಚಲಿಸುವ ವಸ್ತುವಿನ ಚಿತ್ರವು ಮಸುಕಾಗುವುದು ಸಹಜ. ಪಟ್ಟಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದ್ದು, ಷಟರು ಸೆಕೆಂಡಿನ ಐವತ್ತರಲ್ಲೊಂದು ಭಾಗ ತೆರೆದಿದ್ದರೆ, ಅಷ್ಟರಲ್ಲಿ ಚೀಲವು 10 ಮಿಲಿಮೀಟರ್, ಎಂದರೆ 10 ಪಿಕ್ಸೆಲ್, ಸರಿಯುತ್ತದೆ. ತಾಗಿಕೊಂಡ ಚೀಲಗಳ ನಡುವಣ ಕಿರಿದಾದ ಗೆರೆಯು ಇದರಲ್ಲಿ ಅಳಿಸಿಹೋಗುತ್ತದೆ. ಐನೂರರಲ್ಲೊಂದು ಭಾಗಕ್ಕೆ ಇಳಿಸಿದರೆ ಮಸುಕು ಒಂದೇ ಪಿಕ್ಸೆಲ್. ಆದರೆ ಕಾಲವು ಹತ್ತನೆಯ ಒಂದಕ್ಕೆ ಇಳಿದಂತೆ ಬೆಳಕೂ ಅಷ್ಟೇ ಇಳಿಯುವುದರಿಂದ ಪ್ರತ್ಯೇಕ ದೀಪಗಳು ಬೇಕಾಗುತ್ತವೆ. ನಮ್ಮ ದೇಶದಲ್ಲಿ ಪರ್ಯಾಯ ವಿದ್ಯುತ್ತಿನ ಆವೃತ್ತಿಯು ಸೆಕೆಂಡಿಗೆ 50; ಅದರಿಂದ ನೇರವಾಗಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಚುರುಕಾದ ಷಟರಿಗೆ ಕಾಣುತ್ತದೆ: ಒಂದು ಚಿತ್ರ ಬೆಳ್ಳಗೆ, ಮತ್ತೊಂದು ಕಪ್ಪಗೆ ಬರುತ್ತದೆ. ಆದಕಾರಣ ಸ್ಥಿರವಾದ ಏಕಮುಖ ವಿದ್ಯುತ್ತಿನಿಂದ ಉರಿಯುವ ಎಲ್‌ಇಡಿ ದೀಪಗಳೇ ಯೋಗ್ಯ.

ಎಷ್ಟು ಬೇಗ ಬೇಗ ಚಿತ್ರ ತೆಗೆಯಬೇಕು? ಪ್ರತಿಯೊಂದು ಚಿತ್ರದಲ್ಲಿರುವ ಚೀಲವನ್ನು ಹಿಂದಿನ ಚಿತ್ರದಲ್ಲಿ ಅದಕ್ಕೆ ಅತ್ಯಂತ ಸಮೀಪವಿದ್ದ ಚೀಲದೊಡನೆ ಹೊಂದಿಸುವುದು ಸಾಮಾನ್ಯ ಕ್ರಮ. ತಾಗಿ ಬರುವ ಚೀಲಗಳ ಮಧ್ಯಬಿಂದುಗಳು 800 ಮಿಲಿಮೀಟರ್ ಅಂತರದಲ್ಲಿವೆ ಎನ್ನೋಣ. ಸೆಕೆಂಡಿಗೊಂದೇ ಚಿತ್ರ ತೆಗೆದರೆ ಅಷ್ಟರಲ್ಲಿ ಚೀಲವು 500 ಮಿಲಿಮೀಟರ್ ಮುಂದೆ ಹೋಗಿ, ತನ್ನ ಹಿಂದಿನ ಸ್ಥಾನಕ್ಕಿಂತ ಮುಂದಿನ ಚೀಲವಿದ್ದ ಸ್ಥಾನಕ್ಕೇ ಸಮೀಪವಾಗಿರುತ್ತದೆ. ಗಣಕವು ಒಂದನ್ನು ಮತ್ತೊಂದೆಂದು ಭ್ರಮಿಸುತ್ತದೆ. ಸೆಕೆಂಡಿಗೆ 10 ಚಿತ್ರಗಳಾದರೆ ಚಲನೆ 50 ಮಿಲಿಮೀಟರ್ ಮಾತ್ರವಾಗಿ ಭ್ರಮೆಗೆ ಆಸ್ಪದವಿಲ್ಲ. ಹೀಗೆ ಹಿಂಬಾಲಿಸಿದ ಚೀಲವು ಗೊತ್ತಾದ ಗೆರೆಯನ್ನು ಮುಂದಕ್ಕೆ ದಾಟಿದಾಗ ಒಂದನ್ನು ಕೂಡಿಸಬೇಕು; ಪಟ್ಟಿ ಹಿಂದಕ್ಕೆ ತಿರುಗಿ ಅದೇ ಚೀಲ ಮರಳಿ ದಾಟಿದರೆ ಒಂದನ್ನು ಕಳೆಯಬೇಕು.

ಸಕ್ಕರೆಯ ಧೂಳಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅದು ಮಸೂರವನ್ನು ಮುಸುಕುವುದಷ್ಟೇ ಅಲ್ಲ, ಸ್ಫೋಟಿಸಲೂ ಬಲ್ಲುದು. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ಪೋರ್ಟ್ ವೆಂಟ್‌ವರ್ತ್ ಎಂಬಲ್ಲಿ ಇಂತಹ ಧೂಳಿನ ಸ್ಫೋಟದಿಂದ 14 ಮಂದಿ ಮೃತರಾದರು. ಕ್ಯಾಮರಾ, ದೀಪಗಳೆರಡೂ ಧೂಳು ಹೊಗದ, ಅಂತಹ ಸ್ಥಳಕ್ಕೆಂದೇ ನಿರ್ಮಿತವಾದ ಕವಚಗಳಲ್ಲಿರತಕ್ಕದ್ದು.

ಇಷ್ಟಾದ ಮೇಲೆ ಪರೀಕ್ಷೆ. ಪಾಳಿಯ ಕೊನೆಯ ಮೊತ್ತಗಳನ್ನು ಮಾತ್ರ ಹೋಲಿಸಿ ತೃಪ್ತರಾಗುವುದು ಸಲ್ಲದು. ಕ್ಯಾಮರಾ ಹತ್ತು ಚೀಲಗಳನ್ನು ಬಿಟ್ಟು, ಬೇರೆ ಹತ್ತನ್ನು ಎರಡೆರಡು ಬಾರಿ ಎಣಿಸಿದ್ದರೂ ಮೊತ್ತ ಸರಿಯಾಗಿಯೇ ಇರುತ್ತದೆ. ತಪ್ಪುಗಳು ಮಾತ್ರ ಇಪ್ಪತ್ತು. ಆದುದರಿಂದ ಚೀಲ ಚೀಲವನ್ನೂ ಮನುಷ್ಯನ ಎಣಿಕೆಯೊಡನೆ ತಾಳೆ ನೋಡಬೇಕು. 300 ಚೀಲಗಳಲ್ಲಿ ಒಂದು ತಪ್ಪೂ ಕಾಣದಿದ್ದರೆ, ತಪ್ಪಿನ ಪ್ರಮಾಣ ನೂರಕ್ಕೆ ಒಂದನ್ನು ಮೀರದೆಂದು ಶೇಕಡಾ 95ರ ಭರವಸೆಯಿಂದ ಹೇಳಬಹುದು. ಸಾವಿರಕ್ಕೆ ಒಂದನ್ನು ಮೀರದೆನ್ನಲು 3000 ಚೀಲಗಳನ್ನು ನೋಡಬೇಕಾಗುತ್ತದೆ. ಈ ಪರೀಕ್ಷೆಯು ಹಗಲು ರಾತ್ರಿಗಳ ಎಲ್ಲ ಪಾಳಿಗಳನ್ನೂ ಒಳಗೊಂಡಿದ್ದರೆ ಮಾತ್ರ ಈ ಮಾತು ಸಲ್ಲುತ್ತದೆ.

ಕೊನೆಯದಾಗಿ, ಅಳೆಯುವ ಸಾಧನವು ಕೆಲಸಗಾರನ ದೃಷ್ಟಿಯಲ್ಲಿ ಬರಿಯ ಸಾಧನವಾಗಿರುವುದಿಲ್ಲ. 1911ರ ಆಗಸ್ಟಿನಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ, ನಿಲ್ಲುಗಡಿಯಾರ ಹಿಡಿದು ತಮ್ಮ ಕೆಲಸದ ವೇಳೆಯನ್ನು ಅಳೆಯತೊಡಗಿದಾಗ ಅಚ್ಚುಗಾರರು ಕೆಲಸ ಬಿಟ್ಟು ಹೊರನಡೆದರು. ಚೀಲವನ್ನು ಎಣಿಸಲೆಂದು ಇಟ್ಟ ಕ್ಯಾಮರಾ ಮನುಷ್ಯನನ್ನು ಎಣಿಸತೊಡಗಿದರೆ ಅಂತಹ ಅವಿಶ್ವಾಸಕ್ಕೆ ಇಂದೂ ಕಾರಣವಿದೆ. ಪಟ್ಟಿಯ ಹೊರತು ಬೇರೇನೂ ಕಾಣದಂತೆ ಚೌಕಟ್ಟನ್ನು ಹೊಂದಿಸುವುದು, ಸಂದೇಹಾಸ್ಪದವಾದ ಚಿತ್ರಗಳನ್ನು ಕಾದಿರಿಸುವುದು, ಲೆಕ್ಕದಲ್ಲಿ ವಿವಾದ ಬಂದಾಗ ಅವುಗಳನ್ನು ಹಮಾಲರಿಗೂ ತೋರಿಸುವುದು, ಈ ಮೂರೂ ಮಸೂರದ ಆಯ್ಕೆಯಷ್ಟೇ ಸ್ಥಾಪನೆಯ ಅಂಗಗಳು. ಎರಡು ಪಕ್ಷದವರೂ ಒಪ್ಪಿದ ಎಣಿಕೆಯೇ ನಿಜವಾಗಿ ಉಪಯೋಗಕ್ಕೆ ಬರುವ ಎಣಿಕೆ.